ಗೆಳತಿಯರ ಜೊತೆ ಒಂದೇ ಹೋಟೆಲ್ ರೂಮ್: ಮುಂಚೆಯೇ ಮಾತಾಡಿಕೊಂಡರೆ ತಪ್ಪಾ?

ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಇದೆ, ದಯವಿಟ್ಟು ಪೂರ್ತಿ ಓದಿ.

ನಾವು ಮೂವರು ಗೆಳತಿಯರು. ಕಾಲೇಜಿನಿಂದ ಜೊತೆಗಿದ್ದೇವೆ, 14 ವರ್ಷ ಆಯಿತು. ದಿನಾ ಮಾತಾಡುತ್ತೇವೆ. ಒಬ್ಬರಿಗೆ ಕಷ್ಟ ಬಂದರೆ ಉಳಿದಿಬ್ಬರು ಕೆಲಸ ಬಿಟ್ಟು ಓಡಿ ಬಂದಿದ್ದೇವೆ. ಆದರೆ ಒಂದೇ ರೂಮಿನಲ್ಲಿ ಸಾಲಾಗಿ ಮೂರು ರಾತ್ರಿ ಮಲಗಿದ್ದು ಕಳೆದ ತಿಂಗಳೇ ಮೊದಲು. ವಾಪಸ್ ಬಂದು ಮೂರು ವಾರ ಆಗುತ್ತಾ ಬಂತು, ನಮ್ಮ ಗ್ರೂಪಿನಲ್ಲಿ ಯಾರೂ ಸರಿಯಾಗಿ ಮಾತಾಡುತ್ತಿಲ್ಲ. ಜಗಳ ಅಂತ ಒಂದೂ ಆಗಿಲ್ಲ. ಜಗಳ ಆಗಿದ್ದರೆ ಇಷ್ಟು ಹೊತ್ತಿಗೆ ರಾಜಿಯೂ ಆಗಿರುತ್ತಿತ್ತು.

ನಡೆದದ್ದು ಹೀಗೆ.

ಬುಕ್ ಮಾಡಿದವಳು ನಾನು. ಒಂದು ಡಬಲ್ ರೂಮ್, ಜೊತೆಗೆ ಒಂದು ಎಕ್ಸ್‌ಟ್ರಾ ಬೆಡ್. ಬಾಗಿಲು ತೆಗೆದ ಕೂಡಲೇ ಒಬ್ಬಳು ಹೋಗಿ ಮಂಚದ ಕಿಟಕಿ ಪಕ್ಕಕ್ಕೆ ಬ್ಯಾಗ್ ಹಾಕಿದಳು. ಇನ್ನೊಬ್ಬಳು ಅದೇ ಮಂಚದ ಈಚೆ ತುದಿಗೆ ಕೂತಳು. ಉಳಿದದ್ದು ಮಡಚುವ ಕಬ್ಬಿಣದ ಮಂಚ. ನಡುವೆ ತಗ್ಗು, ಸೊಂಟದ ಹತ್ತಿರ ಸರಿಯಾಗಿ ಒಂದು ಕಂಬಿ. ಮೂರು ರಾತ್ರಿಯೂ ನಾನೇ ಅದರ ಮೇಲೆ ಮಲಗಿದೆ. ಬಾಡಿಗೆ ಮಾತ್ರ ಮೂವರಿಗೂ ಸಮ. 'ಇವತ್ತು ನಾನು ಮಲಗ್ತೀನಿ ಬಿಡೇ' ಅಂತ ಯಾರಾದರೂ ಹೇಳಬಹುದು ಅಂತ ದಿನಾ ರಾತ್ರಿ ಕಾದೆ. ಅವರು ಹೇಳಲಿಲ್ಲ, ನಾನೂ ಕೇಳಲಿಲ್ಲ.

ಅದು ಹೋಗಲಿ. ನಿದ್ದೆ ಇಲ್ಲದ್ದು ಮಾತ್ರ ನನಗೆ ತಡೆಯಲು ಆಗಲಿಲ್ಲ.

ಕಿಟಕಿ ಪಕ್ಕದವಳು ಬೆಳಿಗ್ಗೆ ಐದಕ್ಕೆ ಅಲಾರಂ ಇಡುತ್ತಾಳೆ. ಅದು ಹೊಡೆದಾಗ ಏಳುವುದಿಲ್ಲ. ಸ್ನೂಜ್ ಒತ್ತಿ ಮತ್ತೆ ಮಲಗುತ್ತಾಳೆ. ಅವಳ ಫೋನಿನಲ್ಲಿ ಸ್ನೂಜ್ ಅಂದರೆ 9 ನಿಮಿಷ. 5:00, 5:09, 5:18, 5:27, 5:36, 5:45. ಒಂದೊಂದನ್ನೂ ನಾನು ಕೇಳಿದ್ದೇನೆ. ಸದ್ದು ಬಂದಾಗಿನದಕ್ಕಿಂತ, ಇನ್ನೇನು ಬರುತ್ತದೆ ಅಂತ ಕಾಯುತ್ತಾ ಮಲಗುವುದು ಜಾಸ್ತಿ ಕಷ್ಟ. ಆರನೇ ಸಲಕ್ಕೆ ಅವಳು ಎದ್ದಳು. ಎದ್ದು ಬ್ಯಾಗಿನಲ್ಲಿ ಬಟ್ಟೆ ಹುಡುಕಲು ಶುರು ಮಾಡಿದಳು. ಅವಳು ಒಂದೊಂದು ಜೊತೆ ಬಟ್ಟೆಯನ್ನೂ ಒಂದೊಂದು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ಇಟ್ಟುಕೊಂಡಿದ್ದಳು. ಕತ್ತಲಲ್ಲಿ ಆ ಕವರಿನ ಸದ್ದು ಇದೆಯಲ್ಲ, ಚರಪರ ಚರಪರ, ಕಿವಿಯ ಒಳಗೇ ಯಾರೋ ಕೈಯಾಡಿಸಿದ ಹಾಗೆ. ಪಾಪ, ನಮಗೆ ಎಚ್ಚರ ಆಗಬಾರದು ಅಂತ ಅವಳು ಮೆಲ್ಲಗೇ ತೆಗೆಯುತ್ತಿದ್ದಳು. ಮೆಲ್ಲಗೆ ತೆಗೆದಷ್ಟೂ ಅದು ಹೆಚ್ಚು ಹೊತ್ತು ಕೇಳಿಸುತ್ತದೆ.

ಇನ್ನೊಬ್ಬಳಿಗೆ ಗೊರಕೆ. ಜೋರು ಗೊರಕೆ. ಅದು ಅವಳ ತಪ್ಪಲ್ಲ ಅಂತ ಗೊತ್ತು, ಹಾಗಾಗಿ ನಾನು ಏನೂ ಅನ್ನಲಿಲ್ಲ. ಎರಡನೇ ರಾತ್ರಿ ಕಿಟಕಿ ಪಕ್ಕದವಳು ಅದನ್ನು ಫೋನಿನಲ್ಲಿ ರೆಕಾರ್ಡ್ ಮಾಡಿದಳು. ಬೆಳಿಗ್ಗೆ ತಿಂಡಿ ತಿನ್ನುವಾಗ ಹಾಕಿ ಕೇಳಿಸಿದಳು. ನಾನು ನಕ್ಕೆ. ಗೊರಕೆಯವಳೂ ನಕ್ಕಳು. ಆದರೆ ಅವತ್ತು ರಾತ್ರಿ ಅವಳು ಮಲಗಲೇ ಇಲ್ಲ. ಎರಡು ಗಂಟೆಗೆ ನನಗೆ ಎಚ್ಚರವಾದಾಗ ಮೂಲೆಯ ಕುರ್ಚಿಯಲ್ಲಿ ಕಾಲು ಮಡಚಿ ಕೂತಿದ್ದಳು, ಮುಖದ ಮೇಲೆ ಫೋನಿನ ಬೆಳಕು. 'ಮಲಗೇ' ಅಂದೆ. 'ನೀವಿಬ್ರೂ ನಿದ್ದೆ ಮಾಡಿ, ನಂಗೆ ನಿದ್ದೆ ಬರ್ತಿಲ್ಲ' ಅಂದಳು. ಯಾಕೆ ಬರುತ್ತಿಲ್ಲ ಅಂತ ನನಗೆ ಗೊತ್ತಿತ್ತು. ಗೊತ್ತಿದ್ದೂ ಮಗ್ಗುಲು ತಿರುಗಿ ಮಲಗಿದೆ. ಆ ಕುರ್ಚಿ ನನ್ನ ಕಣ್ಣಿಂದ ಹೋಗುತ್ತಿಲ್ಲ.

ಇನ್ನೂ ಒಂದು. ಕೊನೆಯ ದಿನ ನಾನು ಸ್ನಾನ ಮುಗಿಸಿ, ತಲೆಗೆ ಟವೆಲ್ ಸುತ್ತಿಕೊಂಡು, ಪೂರ್ತಿ ಬಟ್ಟೆ ಹಾಕಿಕೊಳ್ಳದೆ ಹೊರಗೆ ಬಂದೆ. ಕಿಟಕಿ ಪಕ್ಕದವಳು ಮನೆಯವರ ಜೊತೆ ವಿಡಿಯೋ ಕಾಲಿನಲ್ಲಿ ಇದ್ದಳು. ಕ್ಯಾಮೆರಾ ನನ್ನ ಕಡೆಗೇ ತಿರುಗಿತ್ತು. ಅವರು ನೋಡಿದರೋ ಇಲ್ಲವೋ ಗೊತ್ತಿಲ್ಲ. ನಾನು ಮತ್ತೆ ಬಾತ್‌ರೂಮಿಗೆ ಹೋಗಿ ಚಿಲಕ ಹಾಕಿಕೊಂಡು ನಿಂತೆ. ಕೈ ನಡುಗುತ್ತಿತ್ತು.

ವಾಪಸ್ ಬರುವಾಗ ದಾರಿಯಲ್ಲಿ ನಾನು ಹೇಳಿದೆ: 'ಮುಂದಿನ ಸಲ ಹೋಗುವ ಮುಂಚೆ ಒಂದೆರಡು ವಿಷಯ ಮಾತಾಡಿಕೊಳ್ಳೋಣ.' ಕಿಟಕಿ ಪಕ್ಕದವಳು ತಕ್ಷಣ, 'ಇಷ್ಟು ವರ್ಷದ ಸ್ನೇಹದಲ್ಲಿ ರೂಲ್ಸ್ ಬೇಕಾ? ನಾವೇನು ಹಾಸ್ಟೆಲ್ ಸೇರಿದ್ದೀವಾ?' ಅಂದಳು. ಅಷ್ಟೇ. ಆಮೇಲೆ ಮನೆ ಬರುವವರೆಗೂ ಯಾರೂ ಮಾತಾಡಲಿಲ್ಲ.

ಇನ್ನೆರಡು ತಿಂಗಳಿಗೆ ಮತ್ತೊಂದು ಪ್ರವಾಸ ಇದೆ, ರಜೆ ಹಾಕಿ ಆಗಿದೆ. ನನಗೆ ಹೋಗಬೇಕು. ಇವರಿಬ್ಬರನ್ನು ಬಿಟ್ಟು ನನಗೆ ಬೇರೆ ಯಾರ ಜೊತೆ ಹೋಗಲೂ ಮನಸ್ಸಿಲ್ಲ. ಆದರೆ ಇದೇ ಥರ ಮತ್ತೆ ಮೂರು ರಾತ್ರಿ ಕಳೆಯಲು ಆಗುವುದಿಲ್ಲ. ಮುಂಚೆಯೇ ಮಾತಾಡಿಕೊಳ್ಳೋಣ ಅನ್ನುವುದು ತಪ್ಪಾ? ತಪ್ಪಲ್ಲ ಅಂದರೆ, ನೋವಾಗದ ಹಾಗೆ ಹೇಗೆ ಹೇಳಲಿ? ಗೊರಕೆಯವಳಿಗೆ ಏನಂತ ಹೇಳಲಿ? ಅವಳದೇ ನನಗೆ ದೊಡ್ಡ ಚಿಂತೆ.


ಉತ್ತರ 1

ತಪ್ಪೇನೂ ಇಲ್ಲ ಮೇಡಂ. ನಾವು ಮೂವರು ಗೆಳೆಯರು ಒಂಬತ್ತು ವರ್ಷದಿಂದ ಹೀಗೆ ರೂಮ್ ಹಂಚಿಕೊಂಡು ತಿರುಗುತ್ತಿದ್ದೇವೆ. ಮಾತಾಡಿಕೊಂಡೇ ಹೋಗುತ್ತೇವೆ. ಆದರೆ ಕೂತು ಸಭೆ ಮಾಡುವುದಿಲ್ಲ. ಬುಕ್ ಮಾಡಿದವನು ರೂಮಿನ ಫೋಟೋ ಗ್ರೂಪಿಗೆ ಹಾಕುತ್ತಾನಲ್ಲ, ಅದರ ಕೆಳಗೇ ಒಂದು ಸಾಲು ಬರೆಯುತ್ತಾನೆ: 'ಮಂಚ ಒಂದು, ಎಕ್ಸ್‌ಟ್ರಾ ಬೆಡ್ ಒಂದು, ದಿನಕ್ಕೊಬ್ಬರು ಬದಲಿ.' ಮುಗಿಯಿತು. ರೂಮಿಗೆ ಕಾಲಿಡುವ ಮುಂಚೆ ಹೇಳಿದರೆ ಅದು ಬರೀ ವ್ಯವಸ್ಥೆ. ಒಬ್ಬರು ಮಂಚದ ಮೇಲೆ ಬ್ಯಾಗ್ ಇಟ್ಟ ಮೇಲೆ ಹೇಳಿದರೆ ಅದು ಅವರ ಮೇಲೆ ದೂರು ಹೇಳಿದ ಹಾಗೆ ಆಗುತ್ತದೆ.

ಬದಲಾಯಿಸಲು ಆಗದೇ ಇದ್ದರೆ, ಒಬ್ಬರಿಗೆ ಬೆನ್ನು ನೋವು ಅಂತಲೋ ಏನೋ, ಆಗ ಬಾಡಿಗೆಯನ್ನು ಸಮ ಮಾಡಬೇಡಿ. ನಾವು ಐದು ಪಾಲು ಮಾಡುತ್ತೇವೆ. ಮಂಚದ ಇಬ್ಬರು ಎರಡೆರಡು ಪಾಲು, ಎಕ್ಸ್‌ಟ್ರಾ ಬೆಡ್‌ನವನು ಒಂದು. ನನಗೆ ಇದು ತುಂಬಾ ನ್ಯಾಯ ಅನ್ನಿಸುತ್ತದೆ.

ಇನ್ನೊಂದು, ಡಬಲ್ ಬೆಡ್ ಸಿಕ್ಕವರು ಸುಖವಾಗಿ ಮಲಗಿದ್ದರು ಅಂತಲೂ ಅಂದುಕೊಳ್ಳಬೇಡಿ. ಅಮೆರಿಕದ ಅಳತೆಯಲ್ಲಿ ಡಬಲ್ ಅಂದರೆ 54 ಇಂಚು ಅಗಲ. ಇಬ್ಬರು ಮಲಗಿದರೆ ತಲಾ 27 ಇಂಚು. ಮಕ್ಕಳ ತೊಟ್ಟಿಲಿನ ಹಾಸಿಗೆ ಹೆಚ್ಚುಕಡಿಮೆ ಅಷ್ಟೇ ಇರುತ್ತದೆ! ಕ್ವೀನ್ 60, ಕಿಂಗ್ 76. ಬೇರೆ ದೇಶಗಳಲ್ಲಿ ಇದೇ ಹೆಸರಿಗೆ ಬೇರೆ ಅಳತೆ ಇರುತ್ತದೆ, ಹಾಗಾಗಿ ಬುಕ್ ಮಾಡುವಾಗ ಹೆಸರು ನೋಡಬೇಡಿ, ಅಗಲ ಎಷ್ಟು ಅಂತ ಕೇಳಿ. ನಿಮ್ಮ ಕಿಟಕಿ ಪಕ್ಕದ ಗೆಳತಿಯೂ ಗೊರಕೆಯ ಪಕ್ಕ 27 ಇಂಚಿನಲ್ಲಿ ಮಲಗಿದ್ದರು. ರೆಕಾರ್ಡ್ ಮಾಡಿದ್ದು ಸರಿ ಅಂತ ಹೇಳುತ್ತಿಲ್ಲ. ಅವರಿಗೂ ನಿದ್ದೆ ಇರಲಿಲ್ಲ ಅಂತ ಹೇಳುತ್ತಿದ್ದೇನೆ.


ಉತ್ತರ 2

ತಂಗೀ, ವಯಸ್ಸಿನಲ್ಲಿ ನಾನು ನಿಮಗಿಂತ ದೊಡ್ಡವಳು ಅಂತ ಕಾಣುತ್ತದೆ, ಹಾಗಾಗಿ ಹೀಗೆ ಕರೆದೆ. ನಾನೂ ಗೊರಕೆ ಹೊಡೆಯುವವಳು. ನಿಮ್ಮ ಗೆಳತಿ ಕೂತಿದ್ದಳಲ್ಲ, ಅಂಥ ಕುರ್ಚಿಯಲ್ಲಿ ನಾನೂ ಕೂತಿದ್ದೇನೆ.

ಗೊರಕೆ ಇರುವವರಿಗೆ ಬೇರೆಯವರ ಜೊತೆ ಮಲಗುವುದು ಎಷ್ಟು ಹೆದರಿಕೆ ಅಂತ ಉಳಿದವರಿಗೆ ಗೊತ್ತಾಗುವುದಿಲ್ಲ. ಎಚ್ಚರ ಇದ್ದಾಗ ನಾವು ಮಾಡುವುದೆಲ್ಲ ನಮ್ಮ ಕೈಯಲ್ಲಿರುತ್ತದೆ. ನಿದ್ದೆಯಲ್ಲಿ ಏನು ಮಾಡಿದೆವು ಅಂತ ಬೆಳಿಗ್ಗೆ ಬೇರೆಯವರ ಮುಖ ನೋಡಿ ತಿಳಿದುಕೊಳ್ಳಬೇಕು. ನಾನು ಎಷ್ಟೋ ಪ್ರವಾಸಗಳಿಗೆ ಸುಳ್ಳು ನೆಪ ಹೇಳಿ ತಪ್ಪಿಸಿಕೊಂಡಿದ್ದೇನೆ. ನನ್ನ ಗೊರಕೆಯ ರೆಕಾರ್ಡಿಂಗ್ ಒಂದು ಸಲ ಹನ್ನೊಂದು ಜನರ ಗ್ರೂಪಿಗೆ ಹೋಗಿತ್ತು. ಎಲ್ಲರೂ ನಗುವ ಗುರುತು ಹಾಕಿದ್ದರು. ನಾನೂ ಹಾಕಿದೆ. ಅವತ್ತಿನ ನೋವು ಇವತ್ತಿಗೂ ಹಾಗೇ ಇದೆ.

ಆದರೆ ಒಬ್ಬಳು ಗೆಳತಿ ಬೇರೆ ಥರ ಮಾಡಿದಳು. ಅವಳ ಜೊತೆ ಎರಡು ರಾತ್ರಿ ರೂಮಿನಲ್ಲಿದ್ದೆ. ಮೂರನೇ ದಿನ ಬೆಳಿಗ್ಗೆ ನಾವಿಬ್ಬರೇ ನಡೆಯಲು ಹೋಗಿದ್ದಾಗ ಮೆಲ್ಲಗೆ ಹೇಳಿದಳು: 'ನಿನ್ನ ಗೊರಕೆ ನಂಗೆ ತೊಂದ್ರೆ ಇಲ್ಲ ಕಣೇ. ಆದ್ರೆ ಅದು ಮಧ್ಯೆ ನಿಂತು ಹೋಗುತ್ತೆ. ಉಸಿರೇ ಇರಲ್ಲ. ನಾನು ಎಣಿಸಿದೆ, ಇಪ್ಪತ್ತರವರೆಗೂ ಎಣಿಸಿದೆ. ಆಮೇಲೆ ನೀನು ಬೆಚ್ಚಿ ಬಿದ್ದ ಹಾಗೆ ಉಸಿರು ಎಳ್ಕೊಂಡೆ. ನಂಗೆ ಭಯ ಆಯ್ತು. ಡಾಕ್ಟರಿಗೆ ತೋರಿಸು.'

ತೋರಿಸಿದೆ. ಒಂದು ರಾತ್ರಿ ಮೈಗೆಲ್ಲ ವೈರ್ ಅಂಟಿಸಿ ನಿದ್ದೆಯ ಪರೀಕ್ಷೆ ಮಾಡಿದರು. ಸ್ಲೀಪ್ ಆಪ್ನಿಯಾ ಅಂತ ಗೊತ್ತಾಯಿತು. ನಿದ್ದೆಯಲ್ಲಿ ಗಂಟಲಿನ ಸ್ನಾಯು ಸಡಿಲವಾಗಿ ಉಸಿರಿನ ದಾರಿ ಮುಚ್ಚಿಕೊಳ್ಳುತ್ತದೆ. 10 ಸೆಕೆಂಡ್ ಅಥವಾ ಅದಕ್ಕಿಂತ ಜಾಸ್ತಿ ಹೊತ್ತು ನಿಂತರೆ ಒಂದು ಸಲ ಅಂತ ಲೆಕ್ಕ. ಉಸಿರು ಪೂರ್ತಿ ನಿಲ್ಲದೆ ತುಂಬಾ ಕಡಿಮೆ ಆದರೂ ಲೆಕ್ಕಕ್ಕೆ ಬರುತ್ತದೆ. ಗಂಟೆಗೆ 5ಕ್ಕಿಂತ ಕಡಿಮೆ ಇದ್ದರೆ ಪರವಾಗಿಲ್ಲ, 30 ದಾಟಿದರೆ ತೀವ್ರ ಅನ್ನುತ್ತಾರೆ. ನನ್ನದು 30 ದಾಟಿತ್ತು. ಹಗಲು ಹೊತ್ತಿನ ಸುಸ್ತು, ಬೆಳಿಗ್ಗೆಯ ತಲೆನೋವು, ಏರುತ್ತಿದ್ದ ಬಿ.ಪಿ. ಎಲ್ಲಕ್ಕೂ ವಯಸ್ಸು ಕಾರಣ ಅಂದುಕೊಂಡು ಎಷ್ಟೋ ವರ್ಷ ಸುಮ್ನೆ ಇದ್ದೆ. ಈಗ ರಾತ್ರಿ ಸಿಪ್ಯಾಪ್ ಮೆಷಿನ್ ಹಾಕಿಕೊಂಡು ಮಲಗುತ್ತೇನೆ. ಮೂಗಿಗೆ ಮಾಸ್ಕ್, ಅದರಲ್ಲಿ ಗಾಳಿಯ ಒತ್ತಡ ಬರುತ್ತಿರುತ್ತದೆ, ದಾರಿ ಮುಚ್ಚಿಕೊಳ್ಳಲು ಬಿಡುವುದಿಲ್ಲ. ಪ್ರವಾಸಕ್ಕೂ ಅದನ್ನೇ ಒಯ್ಯುತ್ತೇನೆ. ಮಂಚದ ಹತ್ತಿರ ಪ್ಲಗ್ ಬೇಕು, ಹಾಗಾಗಿ ಒಂದು ಎಕ್ಸ್‌ಟೆನ್ಷನ್ ವೈರ್ ಬ್ಯಾಗಿನಲ್ಲೇ ಇರುತ್ತದೆ.

ಗೊರಕೆ ಇರುವವರಿಗೆಲ್ಲ ಆಪ್ನಿಯಾ ಇರುವುದಿಲ್ಲ. ಹೆದರಿಸಲು ಹೇಳುತ್ತಿಲ್ಲ. ಆದರೆ ನೀವು ಅವಳ ಪಕ್ಕ ಎಚ್ಚರವಾಗಿ ಮಲಗಿದ್ದಿರಲ್ಲ, ಒಂದು ಸಲ ನೆನಪು ಮಾಡಿಕೊಳ್ಳಿ. ಗೊರಕೆ ಒಂದೇ ಸಮ ಇತ್ತಾ? ಅಥವಾ ನಡುವೆ ಪೂರ್ತಿ ನಿಶ್ಶಬ್ದ ಆಗಿ, ಆಮೇಲೆ ಬಿಕ್ಕಿದ ಹಾಗೆ ಮತ್ತೆ ಶುರುವಾಗುತ್ತಿತ್ತಾ? ಎರಡನೆಯದಾದರೆ ದಯವಿಟ್ಟು ಹೇಳಿ. ಒಬ್ಬಳೇ ಇರುವಾಗ ಹೇಳಿ. 'ನಮಗೆ ನಿದ್ದೆ ಬರಲಿಲ್ಲ' ಅಂತ ಶುರು ಮಾಡಬೇಡಿ, 'ನಿನ್ನ ಬಗ್ಗೆ ಯೋಚನೆ ಆಯ್ತು' ಅಂತ ಶುರು ಮಾಡಿ. ಆ ರೆಕಾರ್ಡಿಂಗ್ ಇನ್ನೂ ಇದ್ದರೆ ಅದನ್ನು ಅವಳಿಗೆ ಮಾತ್ರ ಕೊಟ್ಟು ಬೇರೆ ಕಡೆ ಅಳಿಸಿಬಿಡಿ. ಎಲ್ಲರೆದುರು ಹಾಕಿದಾಗ ಅವಳನ್ನು ಕುಗ್ಗಿಸಿದ್ದು ಅದೇ. ಡಾಕ್ಟರ ಕೈಗೆ ಹೋದರೆ ಕೆಲಸಕ್ಕೆ ಬರುವುದೂ ಅದೇ.

ಪ್ರವಾಸದ ಮಟ್ಟಿಗೆ ನಾನು ಮಾಡುತ್ತಿದ್ದದ್ದು ಇಷ್ಟು. ಬುಕ್ ಮಾಡುವ ಮುಂಚೆಯೇ 'ನಂಗೆ ಗೊರಕೆ ಇದೆ' ಅಂತ ನಾನೇ ಹೇಳಿಬಿಡುತ್ತಿದ್ದೆ. ಅಂಗಾತ ಮಲಗಿದರೆ ಜಾಸ್ತಿ ಆಗುತ್ತದೆ, ಹಾಗಾಗಿ ಬೆನ್ನಿಗೆ ದಿಂಬು ಒತ್ತಿಕೊಂಡು ಮಗ್ಗುಲಾಗಿ ಮಲಗುತ್ತಿದ್ದೆ. ಕುಡಿತ ಗಂಟಲಿನ ಸ್ನಾಯುವನ್ನು ಇನ್ನೂ ಸಡಿಲ ಮಾಡುತ್ತದೆ, ಪಾರ್ಟಿ ಇದ್ದರೂ ನಾನು ಮುಟ್ಟುತ್ತಿರಲಿಲ್ಲ. ಉಳಿದವರಿಗೆ ನಿದ್ದೆ ಹತ್ತಿದ ಮೇಲೆ ಮಲಗುತ್ತಿದ್ದೆ. ಎಲ್ಲರಿಗೂ ಇಯರ್‌ಪ್ಲಗ್ ನಾನೇ ಒಯ್ಯುತ್ತಿದ್ದೆ. ಸ್ಪಂಜಿನ ಥರದ್ದು. ಅದನ್ನು ಸುಮ್ನೆ ಕಿವಿಗೆ ತುರುಕಿದರೆ ಏನೂ ಪ್ರಯೋಜನ ಇಲ್ಲ. ಬೆರಳಲ್ಲಿ ಹೊಸೆದು ಸಣ್ಣ ಬತ್ತಿ ಥರ ಮಾಡಬೇಕು. ಇನ್ನೊಂದು ಕೈಯಿಂದ ಕಿವಿಯನ್ನು ಮೇಲಕ್ಕೂ ಹಿಂದಕ್ಕೂ ಎಳೆದು ಹಿಡಿದು ಒಳಗೆ ಹಾಕಬೇಕು. ಅದು ಉಬ್ಬಿಕೊಳ್ಳುವವರೆಗೆ ಅರ್ಧ ನಿಮಿಷ ಬೆರಳು ಒತ್ತಿ ಹಿಡಿಯಬೇಕು. ಆಗ ಸುತ್ತಲಿನ ಸದ್ದು ದೂರ ಹೋದ ಹಾಗೆ ಆಗುತ್ತದೆ. ಪೂರ್ತಿ ಹೋಗುವುದಿಲ್ಲ, ಆದರೆ ನಿದ್ದೆ ಬರುತ್ತದೆ.

ಅವಳನ್ನು ಬಿಟ್ಟು ಹೋಗಬೇಡಿ. 'ನೀನು ಬೇರೆ ರೂಮ್ ತಗೋ' ಅಂತಲೂ ನೀವಾಗಿ ಹೇಳಬೇಡಿ. ಅವಳೇ ಕೇಳಿದರೆ ಸಂತೋಷವಾಗಿ ಒಪ್ಪಿ. ಆ ಹೆಚ್ಚಿನ ಖರ್ಚನ್ನು ಮೂವರೂ ಹಂಚಿಕೊಳ್ಳಿ.


ಉತ್ತರ 3

ಹನ್ನೊಂದು ವರ್ಷ ಹೋಟೆಲ್ ಫ್ರಂಟ್ ಆಫೀಸಿನಲ್ಲಿ ಕೆಲಸ ಮಾಡಿದ್ದೇನೆ. ಗೆಳೆಯರ ಗುಂಪು ನಗುನಗುತ್ತಾ ಚೆಕ್ ಇನ್ ಮಾಡಿ, ಚೆಕ್ ಔಟ್ ಹೊತ್ತಿಗೆ ಬೇರೆ ಬೇರೆ ಸೋಫಾದಲ್ಲಿ ಕೂತಿರುವುದನ್ನು ಎಷ್ಟೋ ಸಲ ನೋಡಿದ್ದೇನೆ. ಅದರಲ್ಲಿ ಅರ್ಧ ತೊಂದರೆ ಬುಕಿಂಗ್ ಸರಿಯಾಗಿ ಮಾಡಿದ್ದರೆ ಬರುತ್ತಲೇ ಇರಲಿಲ್ಲ.

ಡಬಲ್ ಅಂದರೆ ಒಂದೇ ದೊಡ್ಡ ಮಂಚ. ಟ್ವಿನ್ ಅಂದರೆ ಎರಡು ಬೇರೆ ಮಂಚ. ಇಬ್ಬರು ಇರುವ ರೂಮ್ ಅಂದರೆ ಡಬಲ್ ಅಂದುಕೊಂಡು ಬುಕ್ ಮಾಡಿದವರು ರಾತ್ರಿ ಹತ್ತಕ್ಕೆ ಕೌಂಟರಿಗೆ ಬಂದು ಬದಲಾಯಿಸಿಕೊಡಿ ಅನ್ನುತ್ತಿದ್ದರು. ಅಷ್ಟು ಹೊತ್ತಿಗೆ ಟ್ವಿನ್ ಎಲ್ಲ ಹೋಗಿರುತ್ತದೆ. ಎಷ್ಟೋ ಹೋಟೆಲಿನಲ್ಲಿ ಎರಡು ಸಿಂಗಲ್ ಮಂಚ ಜೋಡಿಸಿ ಮೇಲೆ ಒಂದೇ ಹಾಸು ಹಾಸಿರುತ್ತಾರೆ. ಮುಂಚೆಯೇ ಫೋನ್ ಮಾಡಿ ಹೇಳಿದರೆ ಹೌಸ್‌ಕೀಪಿಂಗ್‌ನವರು ಬೇರೆ ಮಾಡಿ ಕೊಡುತ್ತಾರೆ. ಕೇಳಬೇಕು ಅಷ್ಟೇ.

ಮೂವರು ಇದ್ದರೂ ರೂಮಿನಲ್ಲಿ ಎರಡೇ ಸೆಟ್ ಟವೆಲ್ ಇಟ್ಟಿರುವುದು ಸಾಮಾನ್ಯ. ಚೆಕ್ ಇನ್ ಆಗುವಾಗಲೇ ಮೂರನೆಯದು ಕೇಳಿ. ಕೀ ಕಾರ್ಡೂ ಒಂದಕ್ಕೆ ಸುಮ್ಮನಾಗಬೇಡಿ. ಬಾಗಿಲ ಪಕ್ಕದ ಸ್ಲಾಟಿನಲ್ಲಿ ಕಾರ್ಡ್ ಇದ್ದರೆ ಮಾತ್ರ ಕರೆಂಟ್ ಬರುವ ರೂಮುಗಳಲ್ಲಿ ಒಬ್ಬರು ಕಾರ್ಡ್ ತಗೊಂಡು ಹೊರಗೆ ಹೋದರೆ ಸ್ನಾನಕ್ಕೆ ಇಳಿದವರು ಕತ್ತಲಲ್ಲಿ ನಿಲ್ಲುತ್ತಾರೆ. ಇದು ನಮ್ಮ ಡೆಸ್ಕಿಗೆ ವಾರಕ್ಕೊಮ್ಮೆಯಾದರೂ ಬರುತ್ತಿದ್ದ ಕಾಲ್.

ಬಾತ್‌ರೂಮ್ ಒಂದೇ, ಜನ ಮೂರು. ಟ್ಯಾಂಕ್ ಗೀಸರ್ ಇದ್ದರೆ ಒಬ್ಬರು ಮುಗಿಸಿದ ಮೇಲೆ ನೀರು ಮತ್ತೆ ಕಾಯಲು ಹೊತ್ತು ಬೇಕು. ಹಿಂದಿನ ರಾತ್ರಿಯೇ ಯಾರು ಮೊದಲು ಅಂತ ಕೇಳಿಕೊಂಡು ಮಲಗಿ. ಒಬ್ಬರು ರಾತ್ರಿಯೇ ಸ್ನಾನ ಮಾಡಿಬಿಟ್ಟರೆ ಬೆಳಿಗ್ಗೆ ಎಲ್ಲರಿಗೂ ಆರಾಮ.

ಯಾರ ಕಾರ್ಡಿನಿಂದ ಡೆಪಾಸಿಟ್ ಹಿಡಿದಿದ್ದಾರೋ ಅವರ ತಲೆ ಮೇಲೆಯೇ ಮಿನಿಬಾರ್, ಲಾಂಡ್ರಿ, ಒಡೆದ ಗ್ಲಾಸು ಎಲ್ಲ ಬರುತ್ತದೆ. ಹೊರಡುವ ಹಿಂದಿನ ರಾತ್ರಿ ಬಿಲ್ ತರಿಸಿ ನೋಡಿ, ಅಲ್ಲೇ ಲೆಕ್ಕ ಮುಗಿಸಿ. ಹೊರಗಿನವರನ್ನು ರೂಮಿಗೆ ಕರೆಯುವುದಿದ್ದರೆ ಜೊತೆಯವರನ್ನು ಕೇಳಿಯೇ ಕರೆಯಿರಿ. ರಾತ್ರಿ ಉಳಿಯುವ ಒಬ್ಬೊಬ್ಬರ ಹೆಸರೂ ರಿಜಿಸ್ಟರಿನಲ್ಲಿ ಇರಬೇಕು ಅಂತ ನಾವು ಹಟ ಹಿಡಿಯುವುದು ದುಡ್ಡಿಗಾಗಿ ಮಾತ್ರ ಅಲ್ಲ. ಬೆಂಕಿ ಬಿದ್ದರೆ ಯಾವ ರೂಮಿನಿಂದ ಎಷ್ಟು ಜನ ಹೊರಗೆ ಬರಬೇಕು ಅಂತ ಲೆಕ್ಕ ಸಿಗುವುದು ಅದರಿಂದಲೇ.

ನಿದ್ದೆಯ ಬಗ್ಗೆ ಒಂದು ಮಾತು. ಮೊದಲ ರಾತ್ರಿ 'ಈ ರೂಮ್ ಸರಿ ಇಲ್ಲ, ನಿದ್ದೆ ಬರಲಿಲ್ಲ' ಅನ್ನುತ್ತಿದ್ದ ಎಷ್ಟೋ ಜನ, ಅದೇ ರೂಮಿನಲ್ಲಿ ಎರಡನೇ ರಾತ್ರಿ ಚೆನ್ನಾಗಿ ಮಲಗುತ್ತಿದ್ದರು. ನನಗೆ ಅರ್ಥ ಆಗುತ್ತಿರಲಿಲ್ಲ. ಆಮೇಲೆ ಓದಿದೆ. 2016ರಲ್ಲಿ ಅಮೆರಿಕದ ಬ್ರೌನ್ ವಿಶ್ವವಿದ್ಯಾಲಯದ ಸಂಶೋಧಕರು ಇದನ್ನು ಪರೀಕ್ಷೆ ಮಾಡಿ ನೋಡಿದ್ದಾರೆ. ಹೊಸ ಜಾಗದಲ್ಲಿ ಮೊದಲ ರಾತ್ರಿ ಗಾಢ ನಿದ್ದೆಯಲ್ಲೂ ಮೆದುಳಿನ ಎಡ ಭಾಗ ಬಲ ಭಾಗದಷ್ಟು ಆಳಕ್ಕೆ ಇಳಿಯುವುದಿಲ್ಲವಂತೆ. ಸಣ್ಣ ಸದ್ದಿಗೂ ಬೇಗ ಎಚ್ಚರ ಆಗುತ್ತದಂತೆ. ಕಾವಲು ಕೂತ ಹಾಗೆ. ಹಾಗಾಗಿ ಮೊದಲ ರಾತ್ರಿ ಎಲ್ಲರೂ ಎಲ್ಲರಿಗೂ ಸ್ವಲ್ಪ ಜಾಸ್ತಿಯೇ ಜಾಗ್ರತೆ ಮಾಡಬೇಕು. ಲೈಟು, ಬಾಗಿಲು, ಫೋನು, ಎಲ್ಲದರಲ್ಲೂ.


ಉತ್ತರ 4

ನಾನು ಐದಕ್ಕೆ ಏಳುವವಳು, ಹಾಗಾಗಿ ಕಿಟಕಿ ಪಕ್ಕದವರ ಪರವಾಗಿ ಎರಡು ಮಾತು. ಬೇಗ ಏಳುವವರಿಗೂ ಕಷ್ಟ ಇದೆ. ಲೈಟ್ ಹಾಕುವ ಹಾಗಿಲ್ಲ, ಓಡಾಡುವ ಹಾಗಿಲ್ಲ, ಎಂಟರವರೆಗೂ ಕತ್ತಲಲ್ಲಿ ಕೂತಿರಬೇಕು. ನಾನು ಬಾತ್‌ರೂಮಿನ ನೆಲದ ಮೇಲೆ ಟವೆಲ್ ಹಾಸಿ ಕೂತು ಓದಿದ್ದೇನೆ.

ಸ್ನೂಜ್ ಮಾತ್ರ ಖಂಡಿತ ತಪ್ಪು. ಬೇರೆಯವರು ಮಲಗಿರುವ ರೂಮಿನಲ್ಲಿ ಅಲಾರಂ ಒಂದೇ ಸಲ ಹೊಡೆಯಬೇಕು. ನಾನು ಕೈಗೆ ಕಟ್ಟುವ ವಾಚಿನಲ್ಲಿ ವೈಬ್ರೇಷನ್ ಇಡುತ್ತೇನೆ, ಪಕ್ಕದವರಿಗೆ ಗೊತ್ತೇ ಆಗುವುದಿಲ್ಲ. ನಾಳೆಯ ಬಟ್ಟೆ, ಬ್ರಷ್, ಚಪ್ಪಲಿ, ಎಲ್ಲ ರಾತ್ರಿಯೇ ಬಾತ್‌ರೂಮಿನಲ್ಲಿ ಇಟ್ಟು ಮಲಗುತ್ತೇನೆ. ಪ್ಲಾಸ್ಟಿಕ್ ಕವರ್ ಬದಲು ಬಟ್ಟೆಯ ಚೀಲ. ನಿಮ್ಮ ಗೆಳತಿಗೆ ಎರಡು ಚೀಲ ಹೊಲಿಸಿ ಕೊಡಿ, ಪ್ರೀತಿಯಿಂದ ಕೊಟ್ಟರೆ ಯಾರು ಬೇಡ ಅನ್ನುತ್ತಾರೆ?

ವಿಡಿಯೋ ಕಾಲ್ ವಿಷಯದಲ್ಲಿ ನಾನು ಯಾರ ಪರವೂ ಇಲ್ಲ. ಅದನ್ನು ಹೊರಗೆ ಹೋಗಿ ಮಾಡಬೇಕು. ಅದನ್ನು ನೀವು ನೇರವಾಗಿಯೇ ಹೇಳಿ, ಮೆತ್ತಗೆ ಮಾಡಬೇಡಿ.


ಪ್ರಶ್ನೆ ಕೇಳಿದವರಿಂದ

ಎಲ್ಲರಿಗೂ ಮನಸಾರೆ ಥ್ಯಾಂಕ್ಸ್. ಹತ್ತು ದಿನ ಆಯಿತು, ಏನಾಯಿತು ಅಂತ ಹೇಳಬೇಕಲ್ವಾ.

ಅಕ್ಕಾ, ಮೊದಲು ನಿಮಗೆ. ನೀವು ಕೇಳಿದ್ದನ್ನು ಓದಿ ನನಗೆ ಎದೆ ಧಸಕ್ ಅಂದಿತು. ಹೌದು, ನಡುವೆ ನಿಲ್ಲುತ್ತಿತ್ತು. 'ಅಬ್ಬಾ, ನಿಂತಿತು' ಅಂತ ನಾನು ಸಮಾಧಾನ ಪಟ್ಟುಕೊಂಡು ಕಣ್ಣು ಮುಚ್ಚುತ್ತಿದ್ದೆ. ಅಷ್ಟರಲ್ಲಿ ಒಮ್ಮೆಗೇ ಉಸಿರು ಎಳೆದುಕೊಂಡು ಮತ್ತೆ ಶುರುವಾಗುತ್ತಿತ್ತು. ಅದು ನಿಂತಾಗ ನನಗೆ ಸಮಾಧಾನ ಆಗುತ್ತಿತ್ತಲ್ಲ ಅಂತ ನೆನೆಸಿಕೊಂಡರೆ ಈಗ ಸಂಕಟ ಆಗುತ್ತದೆ.

ಅವಳ ಮನೆಗೇ ಹೋದೆ. ನೀವು ಹೇಳಿಕೊಟ್ಟ ಹಾಗೇ ಶುರು ಮಾಡಿದೆ. ತುಂಬಾ ಹೊತ್ತು ಸುಮ್ಮನಿದ್ದಳು. ಆಮೇಲೆ, 'ಇನ್ನು ನಿಮ್ಮ ಜೊತೆ ಎಲ್ಲಿಗೂ ಬರಬಾರ್ದು ಅಂದ್ಕೊಂಡಿದ್ದೆ ಕಣೇ' ಅಂದಳು. ಇಬ್ಬರೂ ಅತ್ತೆವು. ಬೆಳಿಗ್ಗೆ ತಲೆನೋವು ಅವಳಿಗೂ ಇದೆಯಂತೆ, ಎರಡು ವರ್ಷದಿಂದ. ಮುಂದಿನ ವಾರ ಡಾಕ್ಟರ ಅಪಾಯಿಂಟ್‌ಮೆಂಟ್ ಇದೆ, ನಾನೂ ಜೊತೆಗೆ ಹೋಗುತ್ತಿದ್ದೇನೆ. ನಾನು ನಕ್ಕಿದ್ದಕ್ಕೆ ಕ್ಷಮೆ ಕೇಳಿದೆ.

ಕಿಟಕಿ ಪಕ್ಕದವಳಿಗೆ ಫೋನ್ ಮಾಡಿದೆ. ವಿಡಿಯೋ ಕಾಲಿನ ವಿಷಯ ಮೊದಲು ಹೇಳಿದೆ, ನೇರವಾಗಿ. ಕ್ಯಾಮೆರಾ ನನ್ನ ಕಡೆ ಇತ್ತು ಅಂತ ಅವಳಿಗೆ ಗೊತ್ತೇ ಇರಲಿಲ್ಲವಂತೆ. ಅವಳ ದನಿಯೇ ಬದಲಾಯಿತು, ಎರಡು ಮೂರು ಸಲ ಸಾರಿ ಅಂದಳು. ಅಲಾರಂ ವಿಷಯ ಹೇಳಿದಾಗ ಮಾತ್ರ, 'ನೀನು ಮೊದಲೆರಡು ರಾತ್ರಿ ಒಂದು ಗಂಟೆವರೆಗೂ ತಲೆ ಮೇಲಿನ ಲೈಟ್ ಹಾಕ್ಕೊಂಡು ಓದ್ತಿದ್ದೆ, ನಾನು ಏನಾದ್ರೂ ಅಂದ್ನಾ?' ಅಂತ ಕೇಳಿದಳು. ಅದು ನಿಜ. ಅವಳು ಎರಡೂ ರಾತ್ರಿ ಮುಖದ ಮೇಲೆ ದುಪಟ್ಟಾ ಹಾಕಿಕೊಂಡು ಮಲಗಿದ್ದಳು. ನಾನು ಅದನ್ನು ನೋಡಿದ್ದೆ, ಯಾಕೆ ಅಂತ ಯೋಚನೆ ಮಾಡಿರಲಿಲ್ಲ. ಪುಸ್ತಕಕ್ಕೆ ಸಿಕ್ಕಿಸುವ ಸಣ್ಣ ಲೈಟ್ ಒಂದನ್ನು ತರಿಸಿದ್ದೇನೆ. ಹನ್ನೊಂದಾದ ಮೇಲೆ ಅದೂ ಇಲ್ಲ.

ರೆಕಾರ್ಡಿಂಗ್ ಅಳಿಸಿದ್ದಾಳೆ, ಅಳಿಸುವ ಮುಂಚೆ ಗೊರಕೆಯವಳಿಗೆ ಕಳಿಸಿದ್ದಾಳೆ. ಜೊತೆಗೆ ಏನೋ ಬರೆದಿದ್ದಾಳೆ. ಏನು ಅಂತ ನಾನು ಕೇಳಿಲ್ಲ.

ಹೋಟೆಲಿಗೆ ಫೋನ್ ಮಾಡಿ ಟ್ವಿನ್ ರೂಮ್ ಮಾಡಿಸಿದೆ, ಜೊತೆಗೆ ಎಕ್ಸ್‌ಟ್ರಾ ಬೆಡ್. ಮೂರು ಸೆಟ್ ಟವೆಲ್, ಎರಡು ಕೀ ಕಾರ್ಡ್ ಅಂತಲೂ ಹೇಳಿದ್ದೇನೆ. ನಿನ್ನೆ ರಾತ್ರಿ ರೂಮಿನ ಫೋಟೋ ಗ್ರೂಪಿಗೆ ಹಾಕಿ ಕೆಳಗೆ ಹೀಗೆ ಬರೆದೆ: 'ಮಂಚ ಎರಡು, ಎಕ್ಸ್‌ಟ್ರಾ ಬೆಡ್ ಒಂದು, ದಿನಾ ಬದಲಿ. ಅಲಾರಂ ಒಂದೇ ಸಲ. ಕಾಲ್ ಎಲ್ಲ ರೂಮಿನ ಹೊರಗೆ. ಹನ್ನೊಂದಕ್ಕೆ ಲೈಟ್ ಆಫ್, ಇದು ನನಗೆ. ಇಯರ್‌ಪ್ಲಗ್ ನಾನು ತರ್ತೀನಿ. ಬೇರೆ ಏನಾದ್ರೂ ಇದ್ರೆ ಸೇರಿಸಿ.'

ಗೊರಕೆಯವಳು ಸೇರಿಸಿದಳು: 'ಉಸಿರು ನಿಂತ್ರೆ ಎಬ್ಬಿಸಿ, ಬೈಯಲ್ಲ.'

ಕಿಟಕಿ ಪಕ್ಕದವಳು ಅರ್ಧ ಗಂಟೆ ಏನೂ ಬರೆಯಲಿಲ್ಲ. ನಾನು ಫೋನ್ ಕೈಯಲ್ಲೇ ಹಿಡಿದು ಕೂತಿದ್ದೆ. ಆಮೇಲೆ ಬಂತು: 'ಮೊದಲ ರಾತ್ರಿ ಕಬ್ಬಿಣದ ಮಂಚ ನನಗೆ.'